ಹಸಿರುಚೌಕ ಮೀಮಾಂಸೆ: ತೊಕ್ಕೊಟ್ಟು ಪಾಠ

ಪ್ರೋಗ್ರಾಮರ್ ಕೆಲಸ ಕೇಳಿ ಬಂದವರ ಯೋಗ್ಯತೆಯನ್ನು ಅವರು ಕೋಡ್ ಇಡುವ ಗಿಟ್‌ಹಬ್ ಪುಟದ ಹಸಿರಿನಿಂದ ತಿಳಿಯಬಹುದೇ ಎಂಬುದು ಇಲ್ಲಿನ ವಿಚಾರ.

ತಿಳಿಯಬಹುದೆಂಬುದು ಪೂರ್ವಪಕ್ಷ. ಎಚ್‌ಆರ್ ಮತದ ಆಚಾರ್ಯರ ಪ್ರಕಾರ, ವಾರದ 7 ದಿನಕ್ಕೆ 7 ಸಾಲುಗಳ ಆ ಪುಟದ ಚಟುವಟಿಕೆ ಪಟದಲ್ಲಿ ಕೋಡ್ ಸೇರಿಸಿದ ದಿನದ ಚೌಕ ಹಸಿರು, ಸೇರಿಸದ ದಿನದ್ದು ಖಾಲಿ. ಹೊಗೆಯಿದ್ದಲ್ಲಿ ಬೆಂಕಿ, ಹಸಿರಿದ್ದಲ್ಲಿ ಬುದ್ಧಿ.

ಇದು ಹೇತ್ವಾಭಾಸ. ಗಿಟ್‌ನಲ್ಲಿ ಕಮಿಟ್‌ನ (ಕೋಡ್ ಸೇರ್ಪಡೆಯ) ತಾರೀಕನ್ನು ಕೋಡ್ ಬರೆಯುವವನೇ ಬೇಕಾದಂತೆ ಕೊಡಬಹುದು. ಪುಟ್ಟದೊಂದು ಸ್ಕ್ರಿಪ್ಟ್ ಇದ್ದರೆ ಊಟ ಮುಗಿಸಿ ಕೂತು, ಸಂಜೆ ಚಹಾದೊಳಗೆ ಕಳೆದ ವರ್ಷವಿಡೀ ದುಡಿದು ಮುಗಿಸಬಹುದು. 2020ರ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಮುಕ್ತ ಕೋಡ್ ಉತ್ಸವ ಇನ್ನೊಂದು ದೃಷ್ಟಾಂತ. ತಿದ್ದುಪಡಿ ಕೋರುವ 4 ಪುಲ್ ರಿಕ್ವೆಸ್ಟಿಗೆ ಒಂದು ಟೀ ಶರ್ಟ್ ಎಂದದ್ದೇ ತಡ, ಕಂಡವರ ರೀಡ್‌ಮಿ ಕಡತಗಳಿಗೆಲ್ಲ ಒಂದೆರಡು ಪದ ಅಂಟಿಸುವ ಸಮುದಾಯಸೇವೆ ಉಕ್ಕಿ ಹರಿಯಿತು. ಒಪ್ಪಿಗೆ ಕೊಟ್ಟ ರೆಪೊಗಳದ್ದು ಮಾತ್ರ ಲೆಕ್ಕಕ್ಕೆ ಎಂದು ಆಯೋಜಕರು ನಡುವೆಯೇ ನಿಯಮ ಬದಲಿಸಬೇಕಾಯಿತು.

ಇನ್ನು ಪ್ರತ್ಯಕ್ಷ ಪ್ರಮಾಣ. ಕೊಣಾಜೆ, ದೇರಳಕಟ್ಟೆ, ಉಳ್ಳಾಲ, ತಲಪಾಡಿ ಎಲ್ಲ ಕಡೆಯವರೂ ಹಾದುಹೋಗುವ, ಮಂಗಳೂರು ಬಳಿಯ ತೊಕ್ಕೊಟ್ಟು ಜಂಕ್ಷನ್ನಿಗಿಂತ ದೊಡ್ಡ ಸಮುದಾಯ ಎಲ್ಲಿ ಸಿಕ್ಕೀತು? ಅಲ್ಲಿ ಬೆಳಗಿಂದ ಸಂಜೆವರೆಗೆ ಕಾಣಿಸುವವರು, ಯಾವ ಬಸ್ ಎಲ್ಲಿ ನಿಲ್ಲುತ್ತದೆಂದು ಎಲ್ಲರಿಗೂ ಹೇಳುವವರು, ಫ್ಲೈಓವರ್ 2019ರವರೆಗೆ ಯಾಕೆ ಎಳೆಯಿತೆಂದು ಬಲ್ಲವರು ಒಂದಿಬ್ಬರು ಸದಾ ಇರುತ್ತಾರೆ. ಒಂದು ಮೆಚ್ಚುಗೆಗೆ 10 ಅಂಕ ಎಂಬ ಸ್ಟ್ಯಾಕ್ ಓವರ್‌ಫ್ಲೋ ಪ್ರಶ್ನೋತ್ತರ ತಾಣದ ದರ ಹಿಡಿದರೆ ಅವರು ಮಧ್ಯಾಹ್ನದೊಳಗೆ ಸಾವಿರ ದಾಟುತ್ತಾರೆ. "ಕೆಲಸ ಎಂತ ಮಾರಾಯ್ರೆ?" ಎಂದು ಕೇಳಿದರೆ ಮಾತ್ರ ಅವರು ಆಕಾಶ, ಅರ್ಥಾತ್ ಫ್ಲೈಓವರಿನ ತಳ, ನೋಡುತ್ತಾರೆ.

ಮುಡಿಪುವಿನ ಕಂಪನಿಯಿಂದ ಬಂದು, ಇಲ್ಲಿ ಬಸ್ ಬದಲಿಸಿ, ಬಂಗುಡೆ ಕೊಂಡು, ಟ್ಯೂಷನ್ನಿನಿಂದ ಮಗುವನ್ನು ಕರೆದೊಯ್ಯುವಾಕೆ ಜಂಕ್ಷನ್ನಿಗೆ ಕಾಣುವುದು ಐದೇ ನಿಮಿಷ. ಅವಳ ಕೋಡ್ ಇರುವುದು ಕಂಪನಿಯ ಸರ್ವರಿನೊಳಗೆ, ಹೊರಗಿನವರಿಗೆ ಬೀಗ. ಸಂಜೆ ಅವಳದ್ದಲ್ಲ, ಭಾನುವಾರವಂತೂ ಅಲ್ಲವೇ ಅಲ್ಲ. ಅವಳ ಪಟ ಬೋಳು. ಪಟ ಅಳೆದದ್ದು ಬಿಡುವನ್ನು.

ಹಾಗಾದರೆ ಪರೀಕ್ಷೆ ಹೇಗೆ? ಕೆಟ್ಟು ನಿಂತ ಪ್ರೋಗ್ರಾಮೊಂದನ್ನು ಕೊಟ್ಟು, ಒಂದು ಗಂಟೆ ಪಕ್ಕದಲ್ಲಿ ಕೂತು ನೋಡುವುದು. ಇದರಲ್ಲಿ ಗೌರವದೋಷವಿದೆ ಎಂದು ಪೂರ್ವಪಕ್ಷಿಗಳ ಆಕ್ಷೇಪ: ಹಾಗೆ ಮಾಡಿದರೆ ಮೇಜಿನ ಈಚೆಗೂ ಕೋಡ್ ಓದಬಲ್ಲವರೊಬ್ಬರು ಬೇಕಾಗುತ್ತಾರೆ.