ಕೊಲ್ಲಬಾರದು ಅನ್ನೋದು ಸೊಳ್ಳೆಗೂ ಸೇರ್ತದಾ?

"ಮೇಷ್ಟ್ರೇ, ಒಂದು ಮಾತು ಕೇಳ್ತೀನಿ. ಕೊಲ್ಲಬಾರದು ಅಂತ ದೊಡ್ಡೋರೆಲ್ಲಾ ಹೇಳಿ ಹೋಗವ್ರೆ. ಅದು ಮನುಷ್ಯರಿಗೆ ಮಾತ್ರವಾ, ಈ ಸೊಳ್ಳೆಗೂ ಸೇರ್ತದಾ?"

ಕಾಂಪೌಂಡಿನ ಆಚೆ ನಿಂತು ಗೌಡ್ರು ಕೇಳಿದರು. ಕೈಯಲ್ಲಿ ಸೊಳ್ಳೆ ಬ್ಯಾಟು. ಚಿಕ್ಕಬಾಣಾವರದಲ್ಲಿ ಹೊತ್ತು ಮುಳುಗುವಾಗ ಕೆರೆ ಕಡೆಯಿಂದ ಗಾಳಿ ಬಂತೆಂದರೆ ಸೊಳ್ಳೆಯೂ ಬಂತು.

"ಸೇರ್ತದೆ ಗೌಡ್ರೇ," ಅಂದೆ. "ಬಸವಣ್ಣನವರು ಏಳು 'ಬೇಡ' ಹೇಳಿದ್ದಾರಲ್ಲ, ಕದಿಯೋದು ಬೇಡ ಅಂದಮೇಲೆ ಎರಡನೆಯದೇ ಇದು. ಇಂಥವರನ್ನ ಮಾತ್ರ ಕೊಲ್ಲಬೇಡ ಅಂತ ಅಲ್ಲಿ ಗೆರೆ ಹಾಕಿಲ್ಲ. ಹಬ್ಬಕ್ಕೆ ತಂದ ಹರಕೆ ಕುರಿ ತೋರಣದ ಎಲೆ ಮೇಯೋದನ್ನ ಕಂಡು ಮರುಗಿದವರು ಅವರು. ಕಲ್ಲು ನಾಗನಿಗೆ ಹಾಲೆರೆದು ನಿಜವಾದ ಹಾವು ಬಂದರೆ ಬಡಿಗೆ ಹಿಡಿಯೋದನ್ನ ಕೇಳಿದವರೂ ಅವರೇ. ಅವರ ಮನಸ್ಸು ಮನುಷ್ಯರ ಹತ್ತಿರಕ್ಕೇ ನಿಲ್ಲಲಿಲ್ಲ."

"ಇದು ಅವರ ಕಾಲದಲ್ಲಿ ಶುರುವಾದ ಮಾತಾ?"

"ಅಲ್ಲ, ಬಹಳ ಹಳೇದು. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬಿ. ಎಲ್. ರೈಸ್ ಅದನ್ನ 1892ರಲ್ಲಿ ಪತ್ತೆಮಾಡಿದರು. ಅಪ್ಪ ಅಮ್ಮನ ಮಾತು ಕೇಳಿ, ನಿಜ ಹೇಳಿ ಅನ್ನೋ ಬುದ್ಧಿಮಾತಿನ ಜೊತೆಗೇ ಜೀವಿಗಳ ವಿಷಯದಲ್ಲಿ ದೃಢವಾಗಿ ನಡೆದುಕೊಳ್ಳಿ ಅನ್ನೋದೂ ಅದರಲ್ಲಿದೆ. ಅಲ್ಲಿಂದ ಗಡಿ ದಾಟಿ ಕರ್ನೂಲು ಜಿಲ್ಲೆ ಎರ್ರಗುಡಿಗೆ ಹೋದರೆ ಇನ್ನೊಂದು ಶಾಸನ. ತನ್ನ ಅಡುಗೆಮನೆಗೆ ಮೊದಲು ದಿನಾ ಲಕ್ಷಗಟ್ಟಲೆ ಪ್ರಾಣಿ ಬೀಳ್ತಿದ್ವು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಅವೂ ಇಲ್ಲ ಅಂತ ಅಶೋಕ ಹೇಳಿಕೊಳ್ತಾನೆ. ಚಕ್ರವರ್ತಿಯಾದರೂ ಒಂದೇ ದಿನಕ್ಕೆ ಪೂರ್ತಿ ಬಿಟ್ಟೆ ಅನ್ನಲಿಲ್ಲ. ಇಷ್ಟು ಕಡಿಮೆ ಮಾಡಿದ್ದೀನಿ, ಇಷ್ಟು ಉಳಿದಿದೆ ಅಂತ ಲೆಕ್ಕ ಒಪ್ಪಿಸಿದ. ನನಗೆ ಅದು ದೊಡ್ಡದಾಗಿ ಕಾಣ್ತದೆ."

ಗೌಡ್ರಿಗೆ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. "ರಾಜ ಊಟ ಬಿಡಬೋದು. ಬೇಸಾಯ ಮಾಡೋನು ಏನು ಬುಡ್ತಾನೆ? ಈ ಸೈಟುಗಳೆಲ್ಲಾ ಏಳೋಕೆ ಮುಂಚೆ ಇದೇ ನೆಲದಲ್ಲಿ ರಾಗಿ ಬೆಳೀತಿದ್ವಿ. ನೇಗಿಲು ಹೋದ ಸಾಲಲ್ಲಿ ಎಷ್ಟು ಎರೆಹುಳ ತುಂಡಾಗ್ತಿದ್ವೋ! ಬೆಳ್ಳಕ್ಕಿ ಹಿಂಡು ನೇಗಿಲ ಹಿಂದೇನೇ ಬರೋದು, ಹುಳ ಆರಿಸ್ಕಂಡು ತಿನ್ನಾಕೆ. ಅದರ ಪಾಪ ಯಾರಿಗೆ?"

ಇದನ್ನು ನೂರಾರು ತಲೆಮಾರಿನ ಹಿಂದೆಯೇ ಒಬ್ಬ ಕಟುಕ ಎತ್ತಿದ್ದ ಎಂದು ಅವರಿಗೆ ಹೇಳಿದೆ. ಮಹಾಭಾರತದ ಅರಣ್ಯಪರ್ವದ ಧರ್ಮವ್ಯಾಧ ಅವನು. ಮಿಥಿಲೆಯಲ್ಲಿ ಮಾಂಸದಂಗಡಿ ಇಟ್ಟುಕೊಂಡವನು. ತಪಸ್ಸಿನ ಹಮ್ಮಿನಿಂದ ಬಂದ ಕೌಶಿಕನಿಗೆ ಅವನು ಹೇಳುವುದು ಇದನ್ನೇ: ಉಳುವಾಗ ಜೀವ ಹೋಗುತ್ತದೆ, ನಡೆಯುವಾಗ ಹೋಗುತ್ತದೆ, ಕಾಳಿನಲ್ಲೂ ಜೀವ ಇದೆ, ಹಿಂಸೆಯೇ ಇಲ್ಲದೆ ಬದುಕುವವನು ಯಾರೂ ಇಲ್ಲ. ಹಾಗೆಂದು ಅವನು ಅಹಿಂಸೆ ಸುಳ್ಳು ಅನ್ನುವುದಿಲ್ಲ. ಎಚ್ಚರದಿಂದ ಇರುವವನಿಂದ ಹಿಂಸೆ ಕಡಿಮೆಯಾಗುತ್ತದೆ ಅನ್ನುತ್ತಾನೆ. ವೇದ ಓದಿದ ಬ್ರಾಹ್ಮಣ ಕಟುಕನ ಮುಂದೆ ನಿಂತು ಧರ್ಮ ಕೇಳುವ ಕಥೆಯನ್ನು ನಮ್ಮ ಹಿರಿಯರು ಉಳಿಸಿಕೊಂಡು ಬಂದಿದ್ದಾರೆ. ತಮ್ಮ ತಟ್ಟೆಯಲ್ಲಿ ಮಾಂಸ ಇಲ್ಲ ಎಂಬ ಕಾರಣಕ್ಕೆ ಪಕ್ಕದವರನ್ನು ಕೀಳಾಗಿ ನೋಡುವವರು ಅದನ್ನು ಮತ್ತೆ ಓದಬೇಕು.

"ಹೊಲ ಯಾಕೆ, ಮನೆಯೊಳಗೂ ಇದೆ ಗೌಡ್ರೇ. ಮನೆಯಲ್ಲಿ ಜೀವ ಹೋಗೋ ಜಾಗ ಐದು ಅಂತ ಧರ್ಮಶಾಸ್ತ್ರದವರು ಗುರುತು ಮಾಡಿದ್ದಾರೆ. ಒಲೆ, ಬೀಸುಕಲ್ಲು, ಪೊರಕೆ, ಒರಳು, ನೀರಿನ ಕೊಡ. ಅದಕ್ಕೆ ಪಂಚಸೂನಾ ಅಂತ ಹೆಸರು. ದಿನಾ ತಪ್ಪದೆ ಆಗೋ ಈ ಹಿಂಸೆಗೆ ದಿನಾ ತಪ್ಪದೆ ಮಾಡೋ ಪಂಚಮಹಾಯಜ್ಞ ಪರಿಹಾರ ಅಂದರು. ಅದರಲ್ಲಿ ಒಂದು ಭೂತಯಜ್ಞ, ಅಂದರೆ ಬೇರೆ ಜೀವಿಗಳಿಗೆ ಒಂದು ತುತ್ತು ಇಡೋದು."

ಅಷ್ಟರಲ್ಲಿ ಗೌಡ್ರ ಮನೆಯಾಕೆ ಬಟ್ಟೆ ಎತ್ತಿಕೊಂಡು ಹೋಗಲು ಬಂದವರು ನಿಂತರು. "ಅದಕ್ಕೇ ಅಲ್ವಾ ಮೇಷ್ಟ್ರೇ, ಅಕ್ಕಿಹಿಟ್ಟಲ್ಲೇ ರಂಗೋಲಿ ಬುಡಮ್ಮ, ಇರುವೆ ತಿಂದ್ಕಳ್ಳಲಿ ಅಂತ ನಮ್ಮತ್ತೆ ಹೇಳ್ತಿದ್ದಿದ್ದು?"

"ಅದೇ ಅಕ್ಕ. ಕಲ್ಲುಪುಡಿ ರಂಗೋಲಿ ಬಂದಮೇಲೆ ಇರುವೆಗಳ ಪಾಲು ಹೋಯಿತು."

"ಹಂಗಾದ್ರೆ ಇರುವೆ ಕೊಂದರೂ ಒಂದೇ, ಮನುಷ್ಯನ್ನ ಕೊಂದರೂ ಒಂದೇನಾ?" ಗೌಡ್ರು ಬಿಡುವವರಲ್ಲ.

ಇಲ್ಲಿ ಬೌದ್ಧರು ಮತ್ತು ಜೈನರು ತುಂಬಾ ಯೋಚನೆ ಮಾಡಿದ್ದಾರೆ. ಬುದ್ಧ ಹೇಳಿದ ಪಂಚಶೀಲದ ಮೊದಲನೆಯ ಶೀಲ ಉಸಿರಾಡುವ ಎಲ್ಲ ಜೀವಿಗಳಿಗೂ ಸೇರುತ್ತದೆ. ಭಿಕ್ಷುಗಳು ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸಬೇಕು. ಆದರೆ ಅವರ ವಿನಯ ನಿಯಮದಲ್ಲಿ ಮನುಷ್ಯನನ್ನು ಕೊಂದ ಭಿಕ್ಷು ಸಂಘದಿಂದಲೇ ಹೊರಗೆ. ಪ್ರಾಣಿಯನ್ನು ಕೊಂದರೆ ತಪ್ಪು ಒಪ್ಪಿಕೊಂಡು ತಿದ್ದಿಕೊಳ್ಳಬೇಕಾದ ಸಣ್ಣ ಅಪರಾಧ. ಎರಡೂ ತಪ್ಪೇ, ತೂಕ ಬೇರೆ. ಜೈನರು ಇಂದ್ರಿಯಗಳ ಲೆಕ್ಕದಲ್ಲಿ ಮೆಟ್ಟಿಲು ಮಾಡಿದರು: ಗಿಡಕ್ಕೆ ಒಂದು, ಹುಳುವಿಗೆ ಎರಡು, ಇರುವೆಗೆ ಮೂರು, ನೊಣಕ್ಕೆ ನಾಲ್ಕು, ಹಸುವಿಗೂ ಮನುಷ್ಯನಿಗೂ ಐದು. ಹಿಂಸೆಯನ್ನೂ ನಾಲ್ಕಾಗಿ ಬಿಡಿಸಿದರು. ಬೇಕೆಂದೇ ಮಾಡುವುದು ಸಂಕಲ್ಪಿ. ಅಡುಗೆ, ಕಸಗುಡಿಸುವುದರಲ್ಲಿ ಆಗುವುದು ಆರಂಭಿ. ಹೊಟ್ಟೆಪಾಡಿನ ಕೆಲಸದಲ್ಲಿ ಆಗುವುದು ಉದ್ಯೋಗಿ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧಿ. ಮುನಿಗಳು ನಾಲ್ಕನ್ನೂ ಬಿಡಬೇಕು, ಸಂಸಾರಿ ಮೊದಲನೆಯದನ್ನು ಪೂರ್ತಿ ಬಿಟ್ಟು ಉಳಿದದ್ದನ್ನು ಆದಷ್ಟು ತಗ್ಗಿಸಬೇಕು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಸಮರಪರಶುರಾಮ ಎಂಬ ಬಿರುದಿನವನು. ಅಂಥ ಯೋಧನೂ ಜೈನನಾಗಿ ಇರಲು ಸಾಧ್ಯವಾದದ್ದು ಈ ವಿಂಗಡಣೆಯಿಂದ.

"ನೇಗಿಲಿಗೆ ಸಿಕ್ಕ ಎರೆಹುಳ ಉದ್ಯೋಗಿ ಲೆಕ್ಕ ಅನ್ನಿ," ಅಂದರು ಗೌಡ್ರು. ಅವರ ಮುಖ ಸ್ವಲ್ಪ ಹಗುರಾಯಿತು. "ಮಾರಮ್ಮನಿಗೆ ಕೊಯ್ಯೋ ಕೋಳಿ?"

"ಅದು ಬೇಕೆಂದೇ ಮಾಡೋದು ಗೌಡ್ರೇ. ಗುಡಿಯೊಳಗೆ, ಗುಡಿ ಆವರಣದಲ್ಲಿ ಬಲಿ ಕೊಡಬಾರದು ಅಂತ ನಮ್ಮ ರಾಜ್ಯದಲ್ಲಿ 1959ರಲ್ಲೇ ಕಾಯ್ದೆ ಆಗಿದೆ."

"ಈಗ ಕುಂಬಳಕಾಯಿಗೆ ಕುಂಕುಮ ತುಂಬಿ ಒಡೀತೀವಲ್ಲ, ಅದಕ್ಕೇನು ದೋಷ?"

ನಮ್ಮ ಕನ್ನಡದ ಜನ್ನ ಕವಿ ಬಂದು ನಿಲ್ಲುವುದು ಈ ಜಾಗದಲ್ಲಿ. 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ರಾಜ ಯಶೋಧರ ಜೀವದ ಕೋಳಿ ಕೊಯ್ಯಲು ಒಪ್ಪುವುದಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಹುಂಜ ಮಾಡಿಸಿ ಕತ್ತಿ ಬೀಸುತ್ತಾನೆ. ಹಿಟ್ಟು ಕೂಗುತ್ತದೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲು, ನಾಯಿ ಎಂದು ಜನ್ಮ ಜನ್ಮ ಅಲೆಯಬೇಕಾಗುತ್ತದೆ. ಕೊಲ್ಲುವ ಮನಸ್ಸೇ ಕೊಲೆ ಎಂಬ ಈ ಕಥೆಯನ್ನೇ ಗಿರೀಶ ಕಾರ್ನಾಡರು 'ಹಿಟ್ಟಿನ ಹುಂಜ' ನಾಟಕಕ್ಕೆ ತೆಗೆದುಕೊಂಡರು. ಅದೇ ನಾಡಿನ ಮಾಧ್ವ ಸಂಪ್ರದಾಯದಲ್ಲಿ ಮಾತ್ರ ಯಜ್ಞಕ್ಕೆ ಜೀವದ ಪಶುವಿನ ಬದಲು ಹಿಟ್ಟಿನ ಪಶು ಒಪ್ಪಿಗೆಯಾಯಿತು. ಒಬ್ಬರು ಮನಸ್ಸನ್ನು ನೋಡಿದರು, ಇನ್ನೊಬ್ಬರು ಉಳಿದ ಜೀವವನ್ನು ನೋಡಿದರು. ನಾನು ಗೌಡ್ರ ಕುಂಬಳಕಾಯಿಯ ಪರ. ಒಂದು ಕೋಳಿ ಮನೆಗೆ ವಾಪಸು ಹೋಯಿತಲ್ಲ, ಅದು ಸಣ್ಣದಲ್ಲ. ಮನಸ್ಸು ಮಾಗಲು ಇನ್ನೊಂದು ತಲೆಮಾರು ಹಿಡಿದರೂ ಹಿಡಿಯಲಿ.

ಮನೆಯಾಕೆಯ ಪ್ರಶ್ನೆ ಇನ್ನೂ ಗಟ್ಟಿ. ಅವರ ತವರು ಶಿಡ್ಲಘಟ್ಟದ ಕಡೆ. "ರೇಷ್ಮೆ ಹುಳ ಮನೆಗೆ ಚಪ್ಪಲಿ ಹಾಕ್ಕೊಂಡು ಹೋಗ್ತಿರಲಿಲ್ಲ ನಾವು. ಮಕ್ಕಳ ಥರ ಸೊಪ್ಪು ಹಾಕಿ ಸಾಕ್ತಿದ್ವಿ. ಗೂಡು ಕಟ್ಟಿದ ಮ್ಯಾಲೆ ಮಾರುಕಟ್ಟೆಗೆ ಹಾಕಿದ್ರೆ ಅವರು ಬಿಸಿ ಕೊಟ್ಟು ಒಳಗಿನ ಜೀವ ತೆಗೀತಾರೆ. ಅದೇ ನೂಲಿನ ಸೀರೆ ಮಡಿ ಅಂತ ಉಟ್ಕೊಂಡು ಪೂಜೆಗೆ ಕೂರ್ತೀವಿ. ಇದು ಯಾವ ಲೆಕ್ಕ ಮೇಷ್ಟ್ರೇ?"

ಚಿಟ್ಟೆ ಗೂಡು ಸೀಳಿ ಹೊರಬಂದರೆ ನೂರಾರು ಮೀಟರಿನ ಎಳೆ ತುಂಡುತುಂಡಾಗುತ್ತದೆ. ಅದಕ್ಕೇ ಬರುವ ಮೊದಲೇ ಸಾಯಿಸುವುದು. ಒಂದು ಸೀರೆಗೆ ಸಾವಿರಾರು ಗೂಡು ಬೇಕು. ಸಾಕುವವರಿಗೂ ನೂಲು ಬಿಚ್ಚುವವರಿಗೂ ಇದು ಹೊಟ್ಟೆಪಾಡು, ಉದ್ಯೋಗಿ ಹಿಂಸೆ ಅನ್ನಬಹುದು. ಉಡುವ ನಮಗೆ ಹೊಟ್ಟೆಪಾಡಿನ ನೆಪವಿಲ್ಲ. ಇದನ್ನು ಅಕ್ಕನಿಗೆ ಹಾಗೇ ಹೇಳಿದೆ. ಇರುವ ಸೀರೆಯನ್ನು ಮಗಳಿಗೂ ಮೊಮ್ಮಗಳಿಗೂ ಉಡಿಸಿ, ಪೂಜೆಗೆಂದು ಹೊಸದು ಕೊಳ್ಳುವಾಗ ಒಗೆದ ಹತ್ತಿ ಸೀರೆಯೂ ಮಡಿಯೇ ಎಂದು ನೆನಪು ಮಾಡಿಕೊಳ್ಳಿ ಎಂದೆ. ಅವರು ತಲೆಯಾಡಿಸಿದರು.

"ನಮ್ಮೋರೇ ಇಷ್ಟು ತಲೆ ಕೆಡಿಸ್ಕೊಂಡವ್ರೆ. ಚರ್ಚಿಗೆ ಹೋಗೋರಲ್ಲಿ, ಮಸೀದಿಗೆ ಹೋಗೋರಲ್ಲಿ ಹೆಂಗೆ?" ಗೌಡ್ರು ಕೇಳಿದರು.

"ಮೋಶೆಗೆ ಬಂದ ಹತ್ತು ಆಜ್ಞೆಗಳಲ್ಲಿ ಕೊಲೆ ಬೇಡ ಅನ್ನೋದು ಮನುಷ್ಯರ ವಿಷಯಕ್ಕೆ. ಅದೇ ಗ್ರಂಥದಲ್ಲಿ ಕುರಿ, ಹೋರಿ ಬಲಿಯ ನಿಯಮಗಳೂ ಇವೆ. ಆದರೆ ಅದೇ ಹತ್ತರಲ್ಲಿ ವಾರಕ್ಕೊಂದು ದಿನ ಕೆಲಸ ಬಿಡಬೇಕು ಅನ್ನೋ ಆಜ್ಞೆ ಇದೆಯಲ್ಲ, ಅದು ದನಕರುಗಳಿಗೂ ಸೇರುತ್ತದೆ. ಮುಸ್ಲಿಮರು ಬಕ್ರೀದಿಗೆ ಕುರಿ ಕೊಡ್ತಾರೆ, ಆದರೆ ಹಜ್‌ಗೆ ಇಹ್ರಾಮ್ ತೊಟ್ಟವರು ಬೇಟೆ ಆಡುವಂತಿಲ್ಲ. ಎಲ್ಲರೂ ಎಲ್ಲೋ ಒಂದು ಕಡೆ ಕೈ ಕಟ್ಟಿಕೊಂಡಿದ್ದಾರೆ ಗೌಡ್ರೇ. ಪೂರ್ತಿ ಬಿಚ್ಚಿ ಬಿಟ್ಟವರು ಯಾರೂ ಇಲ್ಲ."

"ಸರಿ, ಸೊಳ್ಳೆ ವಿಷಯಕ್ಕೆ ಬನ್ನಿ. ಡೆಂಗಿ ಬಂದು ಮಗು ಮಲಗಿದ್ರೆ ಯಾವ ಶಾಸ್ತ್ರ ನೋಡ್ಲಿ?"

ಇದಕ್ಕೆ ನನ್ನ ಉತ್ತರ ಗಟ್ಟಿಯಾಗಿದೆ. ಮಗುವಿನ ಮೇಲೆ ಕೂತ ಸೊಳ್ಳೆಯನ್ನು ಹೊಡೆಯಬೇಕು, ಅದು ವಿರೋಧಿ ಹಿಂಸೆ, ಅದರಲ್ಲಿ ಅನುಮಾನ ಬೇಡ. ಆದರೆ ಕೊಲ್ಲಬಾರದು ಎಂಬ ಮಾತು ನಮ್ಮನ್ನು ಹಿಡಿಯಬೇಕಾದದ್ದು ಆ ಗಳಿಗೆಯಲ್ಲಿ ಅಲ್ಲ, ಅದಕ್ಕೂ ಒಂದು ವಾರ ಮುಂಚೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ. ನಮ್ಮ ಡ್ರಮ್ಮಿನ, ಸಿಂಟೆಕ್ಸಿನ, ಹೂಕುಂಡದ ತಟ್ಟೆಯ ತಿಳಿನೀರಿನಲ್ಲಿ ಮೊಟ್ಟೆ ಇಟ್ಟು ವಾರ ಹತ್ತು ದಿನದಲ್ಲಿ ಹಾರುತ್ತದೆ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಿ, ಪಟ್ಟಣದ ಮನೆಗಳಲ್ಲಿ ಸೊಳ್ಳೆ ಹುಟ್ಟಲು ಬಿಟ್ಟರೆ 400 ರೂಪಾಯಿ ದಂಡ ಎಂದಿತು. ಆ ದಂಡ ನನಗೆ ಧರ್ಮಶಾಸ್ತ್ರದ ಹಾಗೇ ಕೇಳುತ್ತದೆ. ಡ್ರಮ್ಮಿಗೆ ಮುಚ್ಚಳ ಹಾಕದೆ ನೂರು ಸೊಳ್ಳೆ ಹುಟ್ಟಿಸಿ ಆಮೇಲೆ ಬ್ಯಾಟು ಬೀಸಿದರೆ ನೂರು ಸಾವಿಗೂ ನಾವೇ ಹೊಣೆ. ಮುಚ್ಚಳ ಹಾಕಿದವನಿಗೆ ಕೊಲ್ಲುವ ಪ್ರಸಂಗವೇ ಅಷ್ಟು ಕಡಿಮೆ.

"ಸರಿ, ಬೆಳೆಗೆ ಹುಳ ಬಿದ್ದೇಬಿಟ್ಟಿದ್ರೆ?"

"ಆಗಲೂ ದಾರಿ ಇದೆ. ನಮ್ಮ ಹೆಬ್ಬಾಳದಲ್ಲಿ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಅಂತ ಇದೆ. 2008ರ ಸುಮಾರಿಗೆ ಪಪ್ಪಾಯಿಗೆ, ಹಿಪ್ಪುನೇರಳೆಗೆ ಹಿಟ್ಟು ತಿಗಣೆ ಬಿತ್ತಲ್ಲ, ರೈತರು ಔಷಧಿ ಹೊಡೆದು ಹೊಡೆದು ಸೋತರು. ಆಗ ಇಲ್ಲಿನ ವಿಜ್ಞಾನಿಗಳು 2010ರಲ್ಲಿ ಪ್ಯೂರ್ಟೊ ರಿಕೊದಿಂದ ಸಾಸಿವೆಗಿಂತ ಸಣ್ಣ ಕಣಜ ತರಿಸಿ ಬೆಳೆಸಿ ಹಂಚಿದರು. ಅದು ಆ ತಿಗಣೆಯ ಮೈಯಲ್ಲೇ ಮೊಟ್ಟೆ ಇಡ್ತದೆ. ಅದೂ ಕೊಲ್ಲೋದೇ. ಆದರೆ ವಿಷ ಹೊಡೆದರೆ ಜೇನು, ಎರೆಹುಳ, ಗುಬ್ಬಚ್ಚಿ ಎಲ್ಲಕ್ಕೂ ತಗಲುತ್ತದೆ. ಈ ಕಣಜ ತನ್ನ ತಿಗಣೆಯನ್ನ ಬಿಟ್ಟು ಬೇರೆ ಮುಟ್ಟಲ್ಲ. ಅನಿವಾರ್ಯ ಆದಾಗ ಅಗತ್ಯಕ್ಕಿಂತ ಒಂದು ಜೀವವೂ ಹೆಚ್ಚು ಹೋಗಬಾರದು, ಅದೇ ನಿಯಮ."

ಗೌಡ್ರು ಬ್ಯಾಟನ್ನು ಗೋಡೆಗೆ ಒರಗಿಸಿದರು. ಪಕ್ಕದ ಖಾಲಿ ಸೈಟಿನಲ್ಲಿ ಅವರು ಗುಡ್ಡೆ ಹಾಕಿದ್ದ ತರಗೆಲೆಯ ಕಡೆ ನಾನು ಕೈ ತೋರಿಸಿದೆ. ಅಶೋಕ ತನ್ನ ಇನ್ನೊಂದು ಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಪಟ್ಟಿ ಕೊಡುತ್ತಾನೆ, ಅದರಲ್ಲಿ ಬಾವಲಿಯೂ ಇದೆ, ರಾಣಿ ಇರುವೆಯೂ ಇದೆ. ಅದರ ಜೊತೆಗೇ, ಒಳಗೆ ಜೀವಿಗಳಿರುವ ಹೊಟ್ಟನ್ನು ಸುಡಬೇಡಿ ಎಂದೂ ಇದೆ.

"ಅದರೊಳಗೆ ಓತಿ, ಜೀರುಂಡೆ, ಸಹಸ್ರಪದಿ, ಕಪ್ಪೆಮರಿ ಎಲ್ಲಾ ಇರ್ತವೆ ಗೌಡ್ರೇ. ಬೆಂಕಿ ಇಟ್ಟರೆ ಬೂದಿ, ಗುಂಡಿಗೆ ಹಾಕಿದರೆ ಗೊಬ್ಬರ."

"ಗುಂಡಿ ತೋಡಾಕೆ ಹಾರೆ ನನ್ನತ್ರ ಅದೆ. ಬೆಳಿಗ್ಗೆ ಬನ್ನಿ, ನಿಮ್ಮ ಮನೆ ಎಲೆನೂ ತನ್ನಿ," ಅಂದರು.

ಕೊಲ್ಲಬಾರದು ಎಂಬ ಮಾತು ಎಲ್ಲಿಯವರೆಗೆ ಸೇರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ಜೀವ ಇರುವ ಕಡೆಯೆಲ್ಲಾ ಸೇರುತ್ತದೆ. ಸಾವಿನ ತೂಕ ಒಂದೊಂದು ಜೀವಕ್ಕೆ ಒಂದೊಂದು, ಮನುಷ್ಯನದೇ ಮೊದಲು. ಆದರೆ ಆ ಮಾತನ್ನು ಪಾಲಿಸುವ ಜಾಗ ಹೊಡೆಯಲು ಎತ್ತಿದ ಕೈ ಅಲ್ಲ. ನೀರು ತುಂಬುವಾಗ, ಕಸ ಹಾಕುವಾಗ, ಸೀರೆ ಕೊಳ್ಳುವಾಗ, ಎಲೆ ಗುಡಿಸುವಾಗ ನಾವು ಏನು ಮಾಡುತ್ತೇವೆ ಎಂಬುದರಲ್ಲೇ ಅದು ತೀರ್ಮಾನವಾಗಿಬಿಟ್ಟಿರುತ್ತದೆ.