ದಾಸವಾಳ ಕ್ರಾಸಿಂಗ್: ಮನೆಬಳಕೆಯ ಕೈಪಿಡಿ

ಕುಂಚ ಕೈಗೆತ್ತಿಕೊಳ್ಳುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ದಾವಣಗೆರೆ, ಹರಿಹರ ಹಾಗೂ ಇವೆರಡರ ನಡುವೆ ಹೆದ್ದಾರಿಗುಂಟ ಸೈಟು ತಗೊಂಡು ಮನೆ ಕಟ್ಟಿದವರಿಗೆಂದು ಇದನ್ನು ಬರೆದದ್ದು. ಬೇರೆ ಊರಿನವರು ಬಳಸಿದರೆ ತಕರಾರಿಲ್ಲ. ಬಿಸಿಲಿನ ಲೆಕ್ಕ, ಹೂಕಳ್ಳರ ಲೆಕ್ಕ ಎರಡನ್ನೂ ತಮ್ಮೂರಿಗೆ ಹೊಂದಿಸಿಕೊಳ್ಳಬೇಕು, ಅಷ್ಟೆ.

ಉತ್ಪನ್ನದ ಪರಿಚಯ. ಎರಡು ದಾಸವಾಳ ಗಿಡಗಳ ನಡುವೆ ದುಂಬಿ ಮಾಡಬೇಕಾದ ಕೆಲಸವನ್ನು ಇಲ್ಲಿ ನೀವು ಮಾಡುತ್ತೀರಿ. ದುಂಬಿಗೆ ಇದು ಕಣ್ಣುಮುಚ್ಚಿ ತೆಗೆಯುವಷ್ಟರ ಕೆಲಸ. ಅದಕ್ಕೆ ಕೈಪಿಡಿಯೂ ಬೇಡ. ನಿಮಗೆ ಒಂದು, ಒಂದೂವರೆ ವರ್ಷ ಹಿಡಿಯುತ್ತದೆ. ಕೊನೆಗೆ ಈ ಭೂಮಿಯ ಮೇಲೆ ಹಿಂದೆಂದೂ ಇರದ ಒಂದು ಹೂ ಅರಳುತ್ತದೆ. ಬಹುಪಾಲು ಅದು ಪಕ್ಕದ ಮನೆಯ ಹೂವಿನ ಹಾಗೇ ಇರುತ್ತದೆ.

ಮೂಲ ಮಾದರಿಯನ್ನು ನೋಡಬಯಸುವವರು ಹರಿಹರೇಶ್ವರ ದೇವಸ್ಥಾನಕ್ಕೆ ಹೋಗಿಬರಬೇಕು. ಗುಹಾಸುರ ಎಂಬವನು ಹರಿಯಿಂದಲೂ ಸಾವು ಬಾರದಂತೆ, ಹರನಿಂದಲೂ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದಿದ್ದನಂತೆ. ಮಿಶ್ರತಳಿಯ ವಿಷಯ ವರದಲ್ಲಿ ಸೇರಿಸಲು ಮರೆತಿದ್ದ. ಇಬ್ಬರೂ ಬೆರೆತು ಒಂದೇ ಮೈಯಾಗಿ ಬಂದು ಅವನ ಕತೆ ಮುಗಿಸಿದರು. ತಾಯಿಗೂ ಇಲ್ಲದ, ತಂದೆಗೂ ಇಲ್ಲದ ಕಸುವು ಮಿಶ್ರತಳಿಗೆ ಬರುತ್ತದೆಂದು ಕೃಷಿ ಕಾಲೇಜಿನವರು ಪಾಠ ಮಾಡುವುದಕ್ಕೆ ಬಹಳ ಮೊದಲೇ, ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಅದಕ್ಕೊಂದು ಗುಡಿಯನ್ನೇ ಕಟ್ಟಿಸಿಬಿಟ್ಟಿದ್ದ. ಲಂಡನ್ನಿನಲ್ಲಿ ನರ್ಸರಿ ನಡೆಸುತ್ತಿದ್ದ ಥಾಮಸ್ ಫೇರ್‌ಚೈಲ್ಡ್ ಕಾರ್ನೇಶನ್ ಹೂವಿಗೆ ಸ್ವೀಟ್ ವಿಲಿಯಂ ಹೂವಿನ ಪರಾಗ ಸೋಕಿಸಿ ಹೊಸ ಗಿಡ ಪಡೆದದ್ದು 1717ರ ಸುಮಾರಿಗೆ. ದೇವರ ಸೃಷ್ಟಿಯ ಮಹಿಮೆಯ ಬಗ್ಗೆ ಚರ್ಚಿನಲ್ಲಿ ವರ್ಷಕ್ಕೊಂದು ಪ್ರವಚನ ನಡೆಯಲಿ ಎಂದು ಅವನು ಉಯಿಲಿನಲ್ಲಿ 25 ಪೌಂಡು ಬರೆದಿಟ್ಟು ಸತ್ತ. ದೇವರ ಕೆಲಸಕ್ಕೆ ಕೈ ಹಾಕಿದ ಅಂಜಿಕೆಯೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಹರಿಹರದವರಿಗೆ ಆ ಖರ್ಚಿಲ್ಲ. ಇಲ್ಲಿ ದೇವರೇ ಮುಂದೆ ನಿಂತು ಮಾಡಿ ತೋರಿಸಿದ್ದಾನೆ.

ಜೋಡಿ ಆರಿಸುವುದು. ನೀವು ಈ ಕೆಲಸಕ್ಕಿಳಿದಿದ್ದೀರೆಂದು ಗೊತ್ತಾದ ವಾರದೊಳಗೆ ಯಾರಾದರೂ ಗೇಟಿಗೆ ಆತು ನಿಂತು, "ದಾಸವಾಳಕ್ಕೆ ಮಲ್ಲಿಗಿ ವಾಸ್ನಿ ಬರೋ ಹಂಗ ಒಂದು ಗಿಡ ಮಾಡಿಕೊಡ್ರಿ ಸಾರ್" ಎನ್ನುತ್ತಾರೆ. ಆಗುವುದಿಲ್ಲ ಎಂದು ಹೇಳಿ. ಎರಡೂ ಬೇರೆ ಬೇರೆ ಕುಟುಂಬದವು. ಒಂದರ ಪರಾಗ ಇನ್ನೊಂದಕ್ಕೆ ಬರೀ ಧೂಳು. ಮಾರು ಲೆಕ್ಕದಲ್ಲಿ ಕೊಳ್ಳುವ ಡೆಲ್ಲಿ ಕನಕಾಂಬರದ ಆಸೆಯನ್ನೂ ಬಿಡಿ. ಅದರಲ್ಲಿ ವರ್ಣತಂತುಗಳ ಗಣ ಎರಡು ಇರಬೇಕಾದಲ್ಲಿ ಮೂರು ಇವೆ. ಹಾಗಾಗಿ ಬೀಜವೇ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಗುಲಾಬಿ ಆಗುತ್ತದೆ. ಆದರೆ ಅದರ ಕಾಯಿ ಹಣ್ಣಾಗಲು ಮೂರು ನಾಲ್ಕು ತಿಂಗಳು; ಆಮೇಲೆ ಬೀಜಕ್ಕೆ ಚಳಿಗಾಲದ ಭ್ರಮೆ ಹುಟ್ಟಿಸಲು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಡಬೇಕು. ದಾವಣಗೆರೆಯ ಫ್ರಿಜ್ಜಿನಲ್ಲಿ ಬೆಣ್ಣೆ ಮತ್ತು ದೋಸೆ ಹಿಟ್ಟಿನ ಪಾತ್ರೆಯನ್ನು ಸರಿಸಿ ಗುಲಾಬಿ ಬೀಜಕ್ಕೆ ಜಾಗ ಮಾಡುವ ಅಧಿಕಾರ ನಿಮಗಿದ್ದರೆ ಮಾತ್ರ ಪ್ರಯತ್ನಿಸಿ.

ಉಳಿದದ್ದು ದಾಸವಾಳ. ಬೇಲಿಯ ಮಾಮೂಲಿ ಕೆಂಪು ದಾಸವಾಳ ಕಾಯಿ ಕಚ್ಚುವುದು ಅಪರೂಪ, ಅದನ್ನು ತಾಯಿ ಮಾಡಬೇಡಿ. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ, ಪರಾಗ ಹುಡುಕುವುದೇ ಒಂದು ಸಾಹಸ. ನರ್ಸರಿಯಲ್ಲಿ ಸಿಗುವ ಅಗಲ ಎಸಳಿನ ಒಂಟಿ ಸುತ್ತಿನ ತಳಿಗಳು ಎರಡು ಬೇರೆ ಬಣ್ಣದವು ಇದ್ದರೆ ಸಾಕು. ದಸರೆ ಕಳೆದು ಮಳೆ ಹಿಂದೆಗೆದ ಮೇಲೆ ಶುರುಮಾಡಿ, ಸಂಕ್ರಾಂತಿಯ ಹೊತ್ತಿಗೆ ಮುಗಿಸಿ. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ತಾರಸಿಯ ಮೇಲೆ ಪರಾಗವೂ ನಿಲ್ಲುವುದಿಲ್ಲ, ನೀವೂ ನಿಲ್ಲುವುದಿಲ್ಲ.

ಕೈಕೆಲಸ. ಇದನ್ನು ಕಲಿಸಬೇಕಾದವರು ವಾಸ್ತವವಾಗಿ ಹರಿಹರದ ಸೇತುವೆಯ ಆಚೆ ಇದ್ದಾರೆ. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು. ಹತ್ತಿ, ಟೊಮೆಟೊ, ಮೆಣಸಿನಕಾಯಿ, ಬೆಂಡೆಯ ಹೈಬ್ರಿಡ್ ಬೀಜ ತಯಾರಾಗುವ ಸೀಮೆ. ಕಂಪನಿಗಳಿಗೆ ಬೀಜ ಬೆಳೆದುಕೊಡುವ ಹೊಲಗಳಲ್ಲಿ ಹೆಣ್ಣುಮಕ್ಕಳು ದಿನಗೂಲಿಗೆ ಮಾಡುವ ಕೆಲಸಕ್ಕೆ ಅಲ್ಲಿ ಕ್ರಾಸಿಂಗ್ ಅಂತಲೇ ಹೆಸರು. ಹತ್ತಿಯೂ ಬೆಂಡೆಯೂ ದಾಸವಾಳದ ದಾಯಾದಿಗಳು, ಹೂವಿನ ಒಳರಚನೆ ಒಂದೇ. ಆದ್ದರಿಂದ ಅವರ ವಿಧಾನವನ್ನೇ ಇಲ್ಲಿ ಕೊಟ್ಟಿದೆ.

ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಸಂಜೆ ಗುರುತಿಸಿ. ಹೆಬ್ಬೆರಳಿನ ಉಗುರಿನಿಂದ ಎಸಳನ್ನು ಸೀಳಿ ಬಿಡಿಸಿ. ನಡುವಿನ ಕಡ್ಡಿಯ ಸುತ್ತ ಅಂಟಿಕೊಂಡ ಪರಾಗದ ಚೀಲಗಳನ್ನು ಒಂದೂ ಉಳಿಯದ ಹಾಗೆ ಸುಲಿದು ತೆಗೆಯಿರಿ. ಕಡ್ಡಿ ಮುರಿಯಬಾರದು, ಬುಡದ ಅಂಡಾಶಯಕ್ಕೆ ಉಗುರು ತಾಗಬಾರದು. ಹತ್ತಿ ಹೊಲದಲ್ಲಿ ಹೀಗೆ ಸುಲಿದ ಮೊಗ್ಗಿಗೆ ಕೆಂಪು ಕಾಗದದ ಟೊಪ್ಪಿಗೆ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಗಂಡು ಸಾಲಿನ ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ಪರಾಗವನ್ನು ಹೆಣ್ಣು ಹೂವಿನ ತುದಿಗೆ ಸವರುತ್ತಾರೆ. ಒಂದು ಗಂಡು ಹೂವಿಗೆ ನಾಲ್ಕೈದು ಹೆಣ್ಣು ಹೂ. ಮುಗಿದದ್ದಕ್ಕೆ ಬಿಳಿ ಕಾಗದ, ಗುರುತಿಗೆ ನೂಲು. ಈ ಇಡೀ ಕ್ರಮದಲ್ಲಿ ಕುಂಚದ ಮಾತೇ ಇಲ್ಲ. ಮಗಳ ಡ್ರಾಯಿಂಗ್ ಡಬ್ಬಿಯಿಂದ ಎತ್ತಿಕೊಂಡದ್ದನ್ನು ವಾಪಸು ಇಟ್ಟುಬಿಡಿ.

ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು ಲಕ್ಷ್ಮಿ ಎಂಬ ತಳಿಗೆ ಬೇರೊಂದು ಪ್ರಭೇದದ ನೀಳ ಎಳೆಯ ಹತ್ತಿಯ ಪರಾಗ ಕೊಟ್ಟು ಪಡೆದ ವರಲಕ್ಷ್ಮಿ 1972ರಲ್ಲಿ ರೈತರ ಕೈ ಸೇರಿದಾಗ, ಅದರ ಬೀಜ ತಯಾರಾದದ್ದು ಇದೇ ಉಗುರುಗಳಿಂದ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳ ಮಾಲೀಕರ ಹೆಸರು ಬಡಾವಣೆಗಳಿಗೂ ಕಾಲೇಜುಗಳಿಗೂ ಇದೆ. ಮೊಗ್ಗು ಸುಲಿದವರ ಹೆಸರು ಒಂದು ಅಡ್ಡರಸ್ತೆಗೂ ಕಾಣೆ. ನಿಮ್ಮ ಮೊಗ್ಗಿನಲ್ಲಿ ಒಂದು ಪರಾಗದ ಚೀಲ ಉಳಿದುಹೋದರೆ ಸ್ವಂತ ಪರಾಗದಿಂದಲೇ ಕಾಯಿ ಕಚ್ಚುತ್ತದೆ, ನಕ್ಕು ಬಿಡಬಹುದು. ಬೀಜದ ಹೊಲದಲ್ಲಿ ಅಂಥದ್ದು ಹೆಚ್ಚಾದರೆ ಕಂಪನಿಯವರು ಬೀಜ ಬಿತ್ತಿ ನೋಡುವ ಪರೀಕ್ಷೆಯಲ್ಲಿ ಇಡೀ ಲಾಟು ಫೇಲಾಗಿ ರೈತನಿಗೆ ದುಡ್ಡು ಸಿಗುವುದಿಲ್ಲ. ನಮ್ಮದು ಹವ್ಯಾಸ ಎಂಬುದನ್ನು ತಾರಸಿ ಹತ್ತುವಾಗ ನೆನಪಿಟ್ಟುಕೊಂಡರೆ ಸ್ಟೇಟಸ್ಸಿಗೆ ಹಾಕುವ ಫೋಟೊಗಳು ತಾವಾಗಿ ಕಡಿಮೆಯಾಗುತ್ತವೆ.

ಪರಾಗ ಸವರಿದ ಹೂವಿಗೆ ಕಟ್ಟುವ ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ಆಮೇಲೆ ಗುಣಾಕಾರದ ಚಿಹ್ನೆ, ಆಮೇಲೆ ತಂದೆಯ ಹೆಸರು ಬರೆಯುವುದು ವಾಡಿಕೆ. ಮನೆಯ ಬೇರೆ ಯಾವ ಕಾಗದಪತ್ರದಲ್ಲೂ ಈ ಕ್ರಮ ನೋಡಿರಲಾರಿರಿ. ತಾರೀಖನ್ನು ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಮೇಲೆ ಬೀಳದ ಹಾಗೆ, ಗುರುತು ಹಾಕಿ.

ಹಾವಳಿ ಮತ್ತು ನಿವಾರಣೆ. ಹಿಟ್ಟುತಿಗಣೆಗೆ ಬೇವಿನೆಣ್ಣೆ ಸಾಕು. ನಸುಕಿನಲ್ಲಿ ಕೊಕ್ಕೆಕೋಲು, ಪ್ಲಾಸ್ಟಿಕ್ ಕವರು ಹಿಡಿದು ವಾಕಿಂಗಿಗೆ ಹೊರಡುವ ಹಿರಿಯರಿಗೆ ಬೇವಿನೆಣ್ಣೆ ನಾಟುವುದಿಲ್ಲ. ಕೇಳಿದರೆ, "ದೇವ್ರಿಗೆ ತಾನೇ ಕಿತ್ಕಂಡಿದ್ದು, ನನ್ ತಲಿಗೇನ್ ಮುಡ್ಕಂತೀನೇನ್ರೀ?" ಎಂಬ ಉತ್ತರ ಸಿದ್ಧವಿರುತ್ತದೆ. ವಾದಕ್ಕಿಳಿಯಬೇಡಿ, ಸೋಲುತ್ತೀರಿ. ಚೀಟಿ ಕಟ್ಟಿದ್ದೂ ಉಪಯೋಗವಿಲ್ಲ. ಚೀಟಿ ಕಟ್ಟಿದ ಹೂ ಹರಕೆಯದೆಂದು ತಿಳಿದು ಇನ್ನೂ ಭಕ್ತಿಯಿಂದ ಕೀಳುತ್ತಾರೆ. ಗೇಟಿಗೆ ಬೀಗ ಹಾಕಿದರೂ ಕೊಕ್ಕೆಕೋಲು ಒಳಗೆ ಬರುತ್ತದೆ. ಫಲ ಕೊಡುವ ಉಪಾಯ ಒಂದೇ: ಪರಾಗ ಸವರುವ ಹೂವಿನ ಎಸಳುಗಳನ್ನೆಲ್ಲ ಮೊದಲೇ ನೀವೇ ಕಿತ್ತುಹಾಕಿ. ಕಾಯಿ ಕಟ್ಟಲು ಎಸಳಿನ ಹಂಗಿಲ್ಲ. ಎಸಳಿಲ್ಲದ ಹೂ ಜೇನಿನ ಕಣ್ಣಿಗೂ ಬೀಳುವುದಿಲ್ಲ, ಯಾವ ದೇವರಿಗೂ ಬೇಕಾಗುವುದಿಲ್ಲ.

ಸಫಲವಾದರೆ ಕಡ್ಡಿ ಉದುರಿ ಹಸಿರು ಬಟ್ಟಲು ಗಟ್ಟಿಯಾಗಿ ಉಳಿದು ಉಬ್ಬುತ್ತದೆ. ಇಲ್ಲವಾದರೆ ಕೆಲವೇ ದಿನದಲ್ಲಿ ತೊಟ್ಟು ಹಳದಿಯಾಗಿ ಬೀಳುತ್ತದೆ. ಹೆಚ್ಚಿನವು ಬೀಳುತ್ತವೆ. ಉಳಿದದ್ದು ಒಂದೂವರೆ ಎರಡು ತಿಂಗಳಿಗೆ ಕಂದಾಗಿ ಬಿರಿಯುತ್ತದೆ, ಅಷ್ಟರೊಳಗೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿರಬೇಕು. ಬೀಜದ ಸಿಪ್ಪೆಯನ್ನು ಉಗುರುಕಟ್ಟರಿನಿಂದ ಸ್ವಲ್ಪವೇ ಚಿವುಟಿ, ರಾತ್ರಿ ನೆನೆಹಾಕಿ, ಬಿತ್ತಿ.

ಖಾತರಿಯ ಷರತ್ತುಗಳು. ತಾಯಿತಂದೆ ಎರಡೂ ಮೊದಲೇ ಬೆರಕೆಯ ತಳಿಗಳಾದ್ದರಿಂದ ಒಂದೇ ಕಾಯಿಯ ಬೀಜಗಳು ಒಂದೊಂದು ದಿಕ್ಕಿಗೆ ಹೋಗುತ್ತವೆ. ಮೊದಲ ಹೂವಿಗೇ ಹೆಸರಿಡುವ ಆತುರ ಬೇಡ; ಎಳೆಗಿಡದ ಹೂ ಚಿಕ್ಕದು, ಚಳಿಗೊಂದು ಬಣ್ಣ, ಬಿಸಿಲಿಗೊಂದು ಬಣ್ಣ. ಚೆಂದದ್ದು ಬಂದೇಬಿಟ್ಟರೆ ಬೀಜ ಕೇಳುವವರಿಗೆ ಬೀಜ ಕೊಡಬೇಡಿ, ಕಡ್ಡಿ ಕೊಡಿ. ಬೀಜದಿಂದ ಅದೇ ಹೂ ಮತ್ತೆ ಬಾರದು. ರೈತರೂ ವರಲಕ್ಷ್ಮಿಯ ಬೀಜವನ್ನು ವರ್ಷವರ್ಷವೂ ಹೊಸದಾಗಿ ಕೊಳ್ಳಬೇಕಿತ್ತು. ಮನೆಬೀಜ ಬಿತ್ತಿದವನಿಗೆ ವರವೂ ಇಲ್ಲ, ಲಕ್ಷ್ಮಿಯೂ ಇಲ್ಲ.

ಸಪ್ಪೆ ಹೂ ಬಿಟ್ಟ ಗಿಡಗಳನ್ನು ಕಿತ್ತೆಸೆಯಬೇಡಿ. ಅವುಗಳಲ್ಲಿ ಬೇರು ಗಟ್ಟಿ ಇದ್ದವನ್ನು ಆರಿಸಿ, ಹೂ ಚೆಂದವಿದ್ದೂ ಬೇರು ದುರ್ಬಲವಾದ ತಳಿಯನ್ನು ಅವುಗಳ ಮೇಲೆ ಕಸಿ ಕಟ್ಟಬಹುದು. ಕಸಿ ಕಟ್ಟುವ ಕೈಪಿಡಿ ಬೇರೆಯೇ ಇದೆ, ಇನ್ನೂ ಬರೆದಿಲ್ಲ. ಸದ್ಯಕ್ಕೆ ಒಂದು ಹೊಸ ಬ್ಲೇಡನ್ನು ಮನೆಯ ಗಂಡಸರು ಗಡ್ಡಕ್ಕೆ ಮುಟ್ಟಿಸುವ ಮೊದಲೇ ಎತ್ತಿಟ್ಟುಕೊಂಡಿರಿ.