ಏಜೆಂಟ್ ಸಾಹೇಬರ ಗಮನಕ್ಕೆ: ನಲ್ಲಿ ನೀರಿನ ವೇಳಾಪಟ್ಟಿ

ಎಐ ಏಜೆಂಟ್ ಎಂಬ ಹೊಸ ನೌಕರ ಬಂದಿದ್ದಾನೆ. ಸಂಬಳ ಕೇಳುವುದಿಲ್ಲ, ಟೀ ಕುಡಿಯಲು ಎದ್ದು ಹೋಗುವುದಿಲ್ಲ. ಒಂದೇ ಹಟ: ಎಲ್ಲವನ್ನೂ ಬರೆದು ಕೊಡಬೇಕು. ವೇಳಾಪಟ್ಟಿ ನೋಡುವ ಟೂಲ್ ಒಂದನ್ನು ಅವನ ಕೈಗಿಟ್ಟರೆ, ಅದನ್ನು ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಏನು ಕೇಳಿದರೆ ಏನು ಸಿಗುತ್ತದೆ, ಸಿಗದಿದ್ದರೆ ಮುಂದೇನು, ಅಷ್ಟನ್ನೂ ಬಿಡಿಸಿ ಹೇಳಬೇಕು. ಇಂಥ ಟೂಲುಗಳನ್ನು ಎಐಗೆ ಜೋಡಿಸಲೆಂದೇ ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಪದ್ಧತಿಯನ್ನೇ ಹೊರತಂದಿತು. ವಿವರಣೆಯಲ್ಲಿ ಸಂದು ಬಿಟ್ಟಿರೋ, ಏಜೆಂಟ್ ತಾನೇ ಊಹಿಸಿ, ಮುಖ ಗಂಟಿಕ್ಕದೆ ಸುಳ್ಳು ಹೇಳುತ್ತಾನೆ. ವಿಚಾರಣಾ ಕೌಂಟರಿನಲ್ಲಿ ಕೂರಲು ಇಷ್ಟು ಅರ್ಹತೆ ಸಾಕು.

ದಾವಣಗೆರೆಯ ಸರಸ್ವತಿ ನಗರದ ಇಂಜಿನಿಯರ್ ಹುಡುಗನೊಬ್ಬ ‘ನೀರು ಯಾವಾಗ’ ಎಂಬ ಟೂಲ್ ಕಟ್ಟಲು ಹೊರಟನೆನ್ನಿ. ಕೋಡ್ ಬೇಗ ಮುಗಿಯಿತು. ವಿವರಣೆ ಬರೆಯಲು ಕೂತಾಗ ಫಜೀತಿ ಶುರು.

ಮೊದಲ ಕಲಂ, ಮಾಹಿತಿಯ ಮೂಲ. ಭದ್ರಾ ನಾಲೆ ಹರಿದರೆ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ ತುಂಬಬೇಕು. ಇತ್ತ ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯ ನೀರನ್ನು ಪಂಪು ಎತ್ತಬೇಕು. ಪಂಪಿಗೆ ಕರೆಂಟು ಬೇಕು. ನೀರು ಟ್ಯಾಂಕ್ ಹತ್ತಬೇಕು. ಕೊನೆಗೆ ವಾಲ್ವ್ ತಿರುಗಿಸುವ ಅಣ್ಣನ ಬೈಕಿನಲ್ಲಿ ಪೆಟ್ರೋಲ್ ಇರಬೇಕು. ಇಷ್ಟರಲ್ಲಿ ಯಾವುದನ್ನು ಕೇಳಿದರೂ ಇನ್ನೊಂದರ ಕಡೆಗೆ ಬೆರಳು ತೋರಿಸುತ್ತದೆ.

ನಾಲೆಯ ದಿನಾಂಕವಾದರೂ ಗಟ್ಟಿಯೇ? ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಈ ಒಂದು ಅಂಕಿಯ ಬಗ್ಗೆ ಮಾತ್ರ ಜಗಳವಿಲ್ಲ. 2023ರಲ್ಲಿ ನಾಲೆಗೆ ನೂರು ದಿನ ನೀರು ಎಂದರು, ಆಮೇಲೆ ಆನ್-ಆಫ್, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವುದು, ಎಂದರು. ಅದನ್ನು ವಿರೋಧಿಸಿ ಸೆಪ್ಟೆಂಬರ್‌ನಲ್ಲಿ ರೈತರು ದಾವಣಗೆರೆ ಬಂದ್ ಮಾಡಿದರು. ಆನ್, ಆಫ್ ಎಂದರೆ ಕಂಪ್ಯೂಟರಿಗೆ ಬಲು ಇಷ್ಟ. ಆದರೆ ನಾಲೆಯ ತಲೆಯಲ್ಲಿ ಆನ್ ಆದ ನೀರು ಅಚ್ಚುಕಟ್ಟಿನ ಕೊನೆ ಭಾಗಕ್ಕೆ ನಡೆದು ಬರುವ ಹೊತ್ತಿಗೆ ಮೇಲೆ ಆಫ್ ಆಗಿರುತ್ತದೆ. ಒಂದೇ ತಾರೀಖು, ಎರಡು ಸತ್ಯ. ಇದನ್ನು ಯಾವ ಕಲಮಿನಲ್ಲಿ ತುಂಬುವುದು?

ಎರಡನೆಯದು, ಸಮಯ. ಇಲ್ಲಿ ಹುಡುಗನಿಗೆ ಅಮೆರಿಕ ನೆರವಿಗೆ ಬಂತು. 2005ರಲ್ಲಿ ಪೋರ್ಟ್‌ಲ್ಯಾಂಡಿನ ಸಾರಿಗೆ ಸಂಸ್ಥೆ ಮತ್ತು ಗೂಗಲ್ ಸೇರಿ ಶುರುಮಾಡಿದ ಬಸ್ ವೇಳಾಪಟ್ಟಿಯ ಮಾದರಿಯಲ್ಲಿ, ನಡುರಾತ್ರಿ ದಾಟಿ 1:10ಕ್ಕೆ ಬರುವ ಬಸ್ಸನ್ನು 25:10 ಎಂದು ಬರೆಯಬಹುದು. ಹಿಂದಿನ ದಿನದ ಸರ್ವೀಸೇ ಮುಂದುವರಿದಿದೆ ಎಂದು ಲೆಕ್ಕ. ಹುಡುಗ ಕುಣಿದಾಡಿದ. ಸೋಮವಾರದ ನೀರು ಬುಧವಾರ ಬೆಳಗಿನ ಜಾವ ಮೂರಕ್ಕೆ ಬಂದರೆ, ಸೋಮವಾರ 51:00! ತಡವಾಯಿತು ಎಂದು ಇನ್ನು ಯಾರೂ ಬಾಯಿ ಮಾಡುವಂತಿಲ್ಲ.

ಮೂರನೆಯದು, ಸ್ಥಿತಿ. ಜಗತ್ತಿನ ಕ್ಯಾಲೆಂಡರುಗಳು ಬಳಸುವ ಐಕ್ಯಾಲೆಂಡರ್ ಮಾದರಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಮೂರೇ ಸ್ಥಿತಿ: ಖಚಿತ, ತಾತ್ಕಾಲಿಕ, ರದ್ದು. ಮೂರಕ್ಕೂ ಸೇರದ್ದೊಂದು ನಮ್ಮಲ್ಲಿದೆ. “ಏನಣ್ಣಾ, ಇವತ್ತು ನೀರು ಬಿಡ್ತೀಯಾ?” ಎಂದು ಕೇಳಿದರೆ, “ಬರ್ತೈತಿ ಬಿಡಕ್ಕಾ” ಎಂಬ ಉತ್ತರ. ಅದನ್ನು ನಂಬಿ ಪಾತ್ರೆ ತೊಳೆದಿಟ್ಟವರೂ, ನಂಬದೆ ಟ್ಯಾಂಕರ್ ತರಿಸಿದವರೂ ಸಮಾನವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ.

ನಾಲ್ಕನೆಯದು, ಅಪವಾದಗಳು. ಹುಡುಗ ಪ್ರಾಮಾಣಿಕ. ಬರೆದೇ ಬಿಟ್ಟ: “ಮಂತ್ರಿಗಳು ಬಂದ ದಿನ, ಚುನಾವಣೆ ಹತ್ತಿರವಾದ ವಾರ, ಹಾಗೂ ಫೋನ್ ಮಾಡಬಲ್ಲವರ ಮನೆಯಲ್ಲಿ ಮದುವೆಯಿದ್ದಾಗ ಈ ವೇಳಾಪಟ್ಟಿ ಅನ್ವಯಿಸುವುದಿಲ್ಲ.” ಓದಿದ ಹಿರಿಯರೊಬ್ಬರು ಕನ್ನಡಕ ಇಳಿಸಿ ಬುದ್ಧಿ ಹೇಳಿದರು: “ತಮ್ಮಾ, ಇವೆಲ್ಲ ಬರೆಯೋವಲ್ಲ, ತಿಳ್ಕೊಳ್ಳೋವು.”

ಗುಟ್ಟು ಇರುವುದೇ ಅಲ್ಲಿ. ಬರೆದಿಟ್ಟ ವೇಳೆ ತಪ್ಪಿದರೆ ತಪ್ಪಿದ್ದು ಕಾಣುತ್ತದೆ. ಬರೆಯದ ವೇಳೆ ಎಂದೂ ತಪ್ಪುವುದಿಲ್ಲ. ವಾಲ್ವಿಗಿಂತ ದೊಡ್ಡ ಅಧಿಕಾರ, ಅದು ಯಾವಾಗ ತಿರುಗುತ್ತದೆಂದು ಒಬ್ಬರಿಗೇ ಗೊತ್ತಿರುವುದು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ದಾವಣಗೆರೆ, ಹರಿಹರ, ಬ್ಯಾಡಗಿ, ರಾಣೆಬೆನ್ನೂರುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಜಲಸಿರಿ ಯೋಜನೆ ಕೈಗೆತ್ತಿಕೊಂಡರಲ್ಲ, ಅದು ಮಾತಿನಂತೆ ಹರಿದ ದಿನ ವೇಳಾಪಟ್ಟಿಯೇ ಬೇಡ, ಟೂಲೂ ಬೇಡ. ಆ ಭಯವಿಲ್ಲದೆ ಹುಡುಗ ಕೆಲಸ ಮುಂದುವರಿಸಿದ್ದಾನೆ.

ಬೀದಿಯ ಹೆಂಗಸರು ವರ್ಷಗಟ್ಟಲೆ ಕೇಳಿದ್ದೂ ಇದೇ ನಾಲ್ಕು ಪ್ರಶ್ನೆ: ಎಲ್ಲಿಂದ, ಯಾವಾಗ, ಖಚಿತವೇ, ತಪ್ಪಿದರೆ ಯಾರನ್ನು ಕೇಳಬೇಕು. ಅವರಿಗೆ ಸಿಗದ ಉತ್ತರವನ್ನು ಯಂತ್ರಕ್ಕೆ ಒಪ್ಪವಾಗಿ ಟೈಪ್ ಮಾಡಿ ಕೊಡಲು ಯಾರ ಅಡ್ಡಿಯೂ ಇರಲಾರದು. ಯಂತ್ರ ಖಾಲಿ ಕೊಡ ಹಿಡಿದು ಕಚೇರಿ ಮುಂದೆ ಕೂರುವುದಿಲ್ಲವಲ್ಲ. ಕೊಡಿ, ಧಾರಾಳವಾಗಿ ಕೊಡಿ. ಅದೇ ಹಾಳೆಯ ಒಂದು ಜೆರಾಕ್ಸ್ ಮಾಡಿಸಿ ಬೀದಿಯ ಲೈಟುಕಂಬಕ್ಕೂ ಅಂಟಿಸಿ. ಕೊಡ ಹೊರುವವರಿಗೂ ಓದಲು ಬರುತ್ತದೆ.